ಒಂದೇ ಬಾಗಿಲಿನ ಊರು

ಉಪಗ್ರಹದ ಚಿತ್ರಗಳಲ್ಲಿ ಕಂಡ ಈ ದುಂಡು ಆಕೃತಿಗಳನ್ನು ಅಮೆರಿಕದವರು ಕ್ಷಿಪಣಿ ನೆಲೆಗಳೆಂದು ಬಗೆದು ಬೆಚ್ಚಿಬಿದ್ದರಂತೆ. ಚೀನಾದ ಫುಜಿಯಾನ್ ಪ್ರಾಂತ್ಯಕ್ಕೆ ಹೋದ ಪ್ರವಾಸಿಗರ ಕಿವಿಗೆ ಈ ಕತೆ ಬೀಳದೆ ಇರುವುದಿಲ್ಲ. ನಿಜವೋ ಸುಳ್ಳೋ, ತುಲೋ ಎಂಬ ಈ ಮಣ್ಣಿನ ಮನೆಗಳೊಳಗೆ ಇದ್ದದ್ದು ಮಾತ್ರ ಒಲೆ, ಕಣಜ, ಕೋಳಿ, ಮಕ್ಕಳು.

ಹಕ್ಕಾ ಜನ ಉತ್ತರದಿಂದ ವಲಸೆ ಬಂದು ಈ ಬೆಟ್ಟಸೀಮೆಯಲ್ಲಿ ನೆಲೆ ನಿಂತವರು. ಕಳ್ಳಕಾಕರ ಭಯ, ಕುಲಕುಲಗಳ ನಡುವಿನ ಕಾದಾಟ ಎರಡೂ ಇದ್ದ ಕಾಲ. ಅವರು ಇಡೀ ಕುಲವನ್ನೇ ಒಂದು ಗೋಡೆಯೊಳಗೆ ಇಟ್ಟರು. ನದಿಯ ಗುಂಡುಕಲ್ಲಿನ ತಳಪಾಯ. ಅದರ ಮೇಲೆ ಸುಣ್ಣ, ಮರಳು ಬೆರೆಸಿದ ಮಣ್ಣನ್ನು ಅಚ್ಚಿಗೆ ಸುರಿದು ವರಸೆ ವರಸೆಯಾಗಿ ಗುದ್ದುತ್ತಿದ್ದರು. ನಡುನಡುವೆ ಬಿದಿರಿನ ಸೀಳು. ಗೋಡೆ ಬಿಗಿಯಾಗಲೆಂದು ಅಂಟಕ್ಕಿಯ ಗಂಜಿ, ಬೆಲ್ಲವನ್ನೂ ಸೇರಿಸುತ್ತಿದ್ದುದುಂಟು. ಕೆಲವು ಕಡೆ ಬುಡದ ದಪ್ಪ ಒಂದೂವರೆ ಮೀಟರು ಮೀರುತ್ತದೆ. ಮಳೆಗೆ ಮಣ್ಣು ಕರಗದಂತೆ ಹೆಂಚಿನ ಸೂರು ಬಹಳ ಮುಂದಕ್ಕೆ ಚಾಚಿದೆ. ಕೆಳಗಿನ ಮಹಡಿಗಳಿಗೆ ಹೊರಗಡೆ ಕಿಟಕಿಯೇ ಇಲ್ಲ. ಶತ್ರುಗಳು ಹೆಬ್ಬಾಗಿಲಿಗೆ ಬೆಂಕಿ ಇಟ್ಟರೆ ಮೇಲಿಂದ ನೀರು ಸುರಿಯುವ ಏರ್ಪಾಡೂ ಉಂಟು.

ಇಷ್ಟಕ್ಕೇ ಬೆರಗಾಗಿ ‘ಕೋಟೆ’ ಎಂದು ಕರೆದು ಮುಂದೆ ಹೋಗುವವರೇ ಹೆಚ್ಚು. ನಿಜವಾದ ಜಾಣತನ ಇರುವುದು ಒಳಗಿನ ಹಂಚಿಕೆಯಲ್ಲಿ. ಇಲ್ಲಿ ಒಂದು ಕುಟುಂಬಕ್ಕೆ ಸಿಗುವುದು ಒಂದು ಮಹಡಿಯಲ್ಲ, ನೆಲದಿಂದ ಸೂರಿನವರೆಗಿನ ಒಂದು ಹೋಳು. ಕೆಳಗೆ ಅಡುಗೆಮನೆ, ಅದರ ನೆತ್ತಿಗೆ ಧಾನ್ಯದ ಉಗ್ರಾಣ, ಅದಕ್ಕೂ ಮೇಲೆ ಮಲಗುವ ಕೋಣೆಗಳು. ದುಂಡು ಮನೆಯಲ್ಲಿ ಮೂಲೆ ಎಂಬುದೇ ಇಲ್ಲ; ಕೋಣೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಹಿರಿಯಣ್ಣನಿಗೆ ದೊಡ್ಡ ಕೋಣೆ, ಕಿರಿಯನಿಗೆ ಕತ್ತಲೆ ಕೋಣೆ ಎಂಬ ಜಗಳಕ್ಕೆ ಆಸ್ಪದವಿಲ್ಲ. ಬಾವಿ, ಮೆಟ್ಟಿಲು, ಅಂಗಳ ಎಲ್ಲರವು. ಬಾಗಿಲು ಒಂದೇ.

ಯೊಂಗ್ದಿಂಗ್‌ನ ಗಾವೊಬೇ ಹಳ್ಳಿಯಲ್ಲಿ 1709ರಲ್ಲಿ ಮುಗಿದ ಚೆಂಗ್‌ಚಿ ಲೋ ಇವುಗಳ ಪೈಕಿ ಹೆಸರುವಾಸಿ. ಒಂದರೊಳಗೊಂದು ಸುತ್ತುಗಳು, ನಟ್ಟನಡುವೆ ಹಿರಿಯರನ್ನು ಪೂಜಿಸುವ ಮನೆ. ಹೊರಸುತ್ತಿಗೆ ನಾಲ್ಕು ಮಹಡಿ, ಮಹಡಿಗೆ 72 ಕೋಣೆ. ಜಿಯಾಂಗ್ ಕುಲದ ಎಂಬತ್ತು ಕುಟುಂಬಗಳು ಒಂದು ಕಾಲದಲ್ಲಿ ಇಲ್ಲಿದ್ದವು. ನಾನ್‌ಜಿಂಗ್ ತಾಲ್ಲೂಕಿನ ಯೂಚಾಂಗ್ ಲೋ ಇನ್ನೊಂದು ಬಗೆಯ ಸೋಜಿಗ. ಒಳಗಿನ ಮರದ ಕಂಬಗಳು ಕುಡಿದವರಂತೆ ಅತ್ತಿತ್ತ ವಾಲಿವೆ, ಕಟ್ಟಡ ಮಾತ್ರ ಬಿದ್ದಿಲ್ಲ. ಯೊಂಗ್ದಿಂಗ್‌ನಲ್ಲೇ ಇರುವ ಝೆನ್‌ಚೆಂಗ್ ಲೋ ತೀರಾ ಈಚಿನದು, 1912ರದು. ತಂಬಾಕು ಕತ್ತರಿಸುವ ಕತ್ತಿ ಮಾರಿ ಸಿರಿವಂತರಾದ ಲಿನ್ ಮನೆತನ ಕಟ್ಟಿಸಿದ್ದು. 2020ರ ‘ಮುಲಾನ್’ ಸಿನಿಮಾ ತನ್ನ ನಾಯಕಿಯನ್ನೂ ತುಲೋ ಒಂದರಲ್ಲಿ ವಾಸಕ್ಕಿಟ್ಟಿತು. ಕತೆಯ ಮುಲಾನ್ ಉತ್ತರ ಚೀನಾದವಳು, ಈ ಮನೆಗಳಿಗಿಂತ ಶತಮಾನಗಳಷ್ಟು ಹಿಂದಿನವಳು. ಚೀನಾದ ಪ್ರೇಕ್ಷಕರು ಸಾಕಷ್ಟು ಆಡಿಕೊಂಡರು.

2008ರಲ್ಲಿ 46 ತುಲೋಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹರೆಯದವರು ಅಷ್ಟರಲ್ಲಿ ಪಟ್ಟಣ ಸೇರಿದ್ದರು. ಉಳಿದ ಹಿರಿಯರು ಅಡುಗೆಮನೆಯ ಮುಂದೆ ಚಹಾ ಮಾರುತ್ತಾರೆ, ಮೇಲಿನ ಮಹಡಿಗಳಿಗೆ ಹತ್ತದಂತೆ ಪ್ರವಾಸಿಗರನ್ನು ತಡೆಯುತ್ತಾರೆ. ಶೌಚಕ್ಕೆ ಹೊರಗೆ ಹೋಗಬೇಕಾದ ಮನೆಗೆ ಮರಳಲು ಮೊಮ್ಮಕ್ಕಳಿಗೆ ಮನಸ್ಸಿಲ್ಲ.

ಅದೇ 2008ರಲ್ಲಿ ಅರ್ಬನಸ್ ಎಂಬ ವಾಸ್ತುಶಿಲ್ಪ ಸಂಸ್ಥೆ ಗುವಾಂಗ್‌ಝೌ ಪಕ್ಕದ ಫೋಶಾನ್‌ನಲ್ಲಿ ಕಡಿಮೆ ಆದಾಯದವರಿಗಾಗಿ ಕಾಂಕ್ರೀಟಿನ ದುಂಡು ತುಲೋ ಒಂದನ್ನು ಕಟ್ಟಿತು. ಕೋಣೆಗಳು ಚಿಕ್ಕವು, ಅಂಗಳ ಎಲ್ಲರದು, ಶೌಚಾಲಯ ಮಾತ್ರ ಪ್ರತಿ ಮನೆಯೊಳಗೂ ಇದೆ.