ಕತ್ತಿನ ಗಂಟು, ಕಾಣದ ಬೇರು

ಕತ್ತಿನಲ್ಲೊಂದು ಗಂಟು. ನೋವಿಲ್ಲ, ಜ್ವರವಿಲ್ಲ. ‘ಹೋಗುತ್ತೆ ಬಿಡು’ ಅಂತ ತಿಂಗಳುಗಟ್ಟಲೆ ತಳ್ಳುವವರೇ ಹೆಚ್ಚು. ನಮ್ಮ ದೇಶದಲ್ಲಿ ಇಂಥ ಗಂಟು ಎಷ್ಟೋ ಸಲ ಕ್ಷಯದ್ದು, ನಿಜ. ಆದರೂ ದೊಡ್ಡವರಲ್ಲಿ ಎರಡು-ಮೂರು ವಾರಕ್ಕೂ ಕರಗದಿದ್ದರೆ ಪರೀಕ್ಷೆ ಆಗಲೇಬೇಕು. ವೈದ್ಯಕೀಯ ಓದುತ್ತಿರುವ ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ.

ಕೆಲವೊಮ್ಮೆ ಸೂಜಿ ಚುಚ್ಚಿ ತೆಗೆದ ಜೀವಕೋಶಗಳಲ್ಲಿ ಕ್ಯಾನ್ಸರ್ ಕಾಣುತ್ತದೆ. ಬಾಯಿ, ಗಂಟಲು ತಡಕಿದರೂ ಅದು ಹುಟ್ಟಿದ ಜಾಗ ಸಿಗೋದಿಲ್ಲ. ಆಗ ವೈರಸ್ಸೇ ವಿಳಾಸ ಹೇಳುತ್ತದೆ. ಗಂಟಿನಲ್ಲಿ ಎಚ್‌ಪಿವಿ ಸಿಕ್ಕರೆ ಮೂಲ ಬಹುಶಃ ಟಾನ್ಸಿಲ್, ಇಲ್ಲವೇ ನಾಲಿಗೆಯ ಬುಡ. ಪಿ16 ಎಂಬ ಪ್ರೋಟೀನಿನ ಪರೀಕ್ಷೆ ಇದಕ್ಕೆ ಸುಳಿವು. 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ವೈರಸ್ ಸಿಕ್ಕರೆ, ಮೂಗಿನ ಹಿಂಭಾಗದಲ್ಲಿ ಹುಡುಕಬೇಕು.

ಟಾನ್ಸಿಲಿನ ಆಳದ ಸಂದುಗಳಲ್ಲಿ ಅಡಗಿದ ಸಣ್ಣ ಗಡ್ಡೆ ಕಣ್ಣಿಗೆ ಬೀಳದು. ಆದ್ದರಿಂದ ಪೆಟ್ ಸ್ಕ್ಯಾನ್ ಮಾಡಿ, ಅಗತ್ಯವಾದರೆ ಟಾನ್ಸಿಲನ್ನೇ ತೆಗೆದು ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಯಾಕೆ ಅಂತೀರಾ? ಮೂಲ ಸಿಕ್ಕರೆ ವಿಕಿರಣವನ್ನು ಅಲ್ಲಿಗೇ ಗುರಿಯಿಡಬಹುದು. ಸಿಗದಿದ್ದರೆ ಗಂಟಲಿನ ಹೆಚ್ಚು ಭಾಗಕ್ಕೆ ಕೊಡಬೇಕಾಗಬಹುದು. ಜೊಲ್ಲು ಬತ್ತಿ, ಅನ್ನ ನುಂಗೋದೇ ಕಷ್ಟವಾಗುತ್ತದೆ.

ಶಸ್ತ್ರಚಿಕಿತ್ಸೆ, ವಿಕಿರಣ, ಕೆಲವರಿಗೆ ಜೊತೆಗೆ ಸಿಸ್‌ಪ್ಲಾಟಿನ್ ಔಷಧಿ: ಇವೇ ದಾರಿಗಳು. ಎಚ್‌ಪಿವಿಯ ಕ್ಯಾನ್ಸರ್ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತದೆ.

ಆದರೆ ಗೆಳೆಯರೇ, ನಮ್ಮಲ್ಲಿ ಬಾಯಿ-ಗಂಟಲಿನ ಕ್ಯಾನ್ಸರಿಗೆ ಮುಖ್ಯ ಕಾರಣ ಇಂದಿಗೂ ತಂಬಾಕು, ಅಡಿಕೆ. ಎಚ್‌ಪಿವಿಗೆ ಲಸಿಕೆಯಿದೆ; ಗುಟ್ಕಾಕ್ಕೆ ಇರೋದು ನಮ್ಮ ಮನಸ್ಸೊಂದೇ.