ವಿಳಾಸಕ್ಕೆ ಎಷ್ಟು ಅಗಲದ ಸಂಖ್ಯೆ ಬೇಕು?

ಗಣಕಯಂತ್ರದ ಸ್ಮೃತಿಯಲ್ಲಿ ಒಂದೊಂದು ಬೈಟಿಗೂ ಒಂದೊಂದು ವಿಳಾಸವುಂಟು. ಅಷ್ಟೇ ಅಲ್ಲ, ಚಿತ್ರ ಮೂಡಿಸುವ ಕಾರ್ಡು, ಜಾಲದ ಕಾರ್ಡು ಮೊದಲಾದ ಸಾಧನಗಳಿಗೂ ಅದೇ ಸಾಲಿನಲ್ಲಿ ವಿಳಾಸಗಳನ್ನು ಹಂಚಿರುತ್ತಾರೆ. ಸಂಸ್ಕಾರಕವು ಒಂದು ವಿಳಾಸಕ್ಕೆ ಬರೆದರೆ ಅದು ಸ್ಮೃತಿಯಲ್ಲಿ ನಿಲ್ಲುತ್ತದೆ. ಇನ್ನೊಂದಕ್ಕೆ ಬರೆದರೆ ಒಂದು ಸಾಧನಕ್ಕೆ ಅಪ್ಪಣೆಯಾಗಿ ತಲಪುತ್ತದೆ. ಯಾವ ಹರವು ಯಾರದು ಎಂಬ ಲೆಕ್ಕವನ್ನು ಇಡುವುದು ಕರ್ನೆಲಿನ, ಎಂದರೆ ಕಾರ್ಯವ್ಯವಸ್ಥೆಯ ತಿರುಳಿನ, ಹೊಣೆ. ಜಮೀನಿನ ಖಾತೆಯಂತೆ ಇದರಲ್ಲಿಯೂ ಮುಖ್ಯವಾದವು ಮೂರೇ: ಎಲ್ಲಿಂದ, ಎಲ್ಲಿಯವರೆಗೆ, ಯಾರಿಗೆ ಸೇರಿದ್ದು.

ಈ ಖಾತೆಯಲ್ಲಿ ವಿಳಾಸ ಬರೆಯುವ ಅಂಕಣದ ಅಗಲವೆಷ್ಟಿರಬೇಕು? ಲಿನಕ್ಸ್ ಕರ್ನೆಲಿನಲ್ಲಿ ೨೦೦೬ರವರೆಗೆ ಇದಕ್ಕೆ 'ಅನ್‌ಸೈನ್ಡ್ ಲಾಂಗ್' ಎಂಬ ಪೂರ್ಣಾಂಕದ ಮಾದರಿಯನ್ನು ಬಳಸುತ್ತಿದ್ದರು. ಋಣಚಿಹ್ನೆಯಿಲ್ಲದ ಈ ಸಂಖ್ಯೆಗೆ ೩೨ ಬಿಟ್ಟಿನ ಯಂತ್ರದಲ್ಲಿ ೩೨ ಬಿಟ್ಟುಗಳು, ೬೪ ಬಿಟ್ಟಿನ ಯಂತ್ರದಲ್ಲಿ ೬೪ ಬಿಟ್ಟುಗಳು. ಮೇಲುನೋಟಕ್ಕೆ ಇದು ಸರಿಯಾದ ಆಯ್ಕೆಯೇ. ಆದರೆ ಈ ಅಗಲವು ಕ್ರಮವಿಧಿಯು ಬಳಸುವ ಕಲ್ಪಿತ ವಿಳಾಸಕ್ಕೆ ಹೊಂದುವುದೇ ಹೊರತು, ತಂತಿಗಳ ಮೇಲೆ ಹರಿಯುವ ಭೌತಿಕ ವಿಳಾಸಕ್ಕೆ ಹೊಂದಲೇಬೇಕೆಂದಿಲ್ಲ. ೧೯೯೫ರಲ್ಲಿ ಬಂದ ಪೆಂಟಿಯಂ ಪ್ರೊ ೩೨ ಬಿಟ್ಟಿನ ಸಂಸ್ಕಾರಕವಾದರೂ ಅದರ ಭೌತಿಕ ವಿಳಾಸ ೩೬ ಬಿಟ್ಟುಗಳದು. ೩೨ ಬಿಟ್ಟುಗಳಿಂದ ೪೨೯ ಕೋಟಿ ೪೯ ಲಕ್ಷ ೬೭ ಸಾವಿರದ ೨೯೬ ವಿಳಾಸಗಳನ್ನು, ಅಂದರೆ ೪ ಗಿಗಾಬೈಟುಗಳನ್ನು, ಗುರುತಿಸಬಹುದು. ೩೬ ಬಿಟ್ಟುಗಳಿಂದ ಅದರ ೧೬ ಪಟ್ಟು.

ಅಂಕಣ ಸಾಲದೆಹೋದರೆ ಏನಾಗುತ್ತದೆ? ಐದೇ ಅಂಕಿ ಹಿಡಿಸುವ ಪುಸ್ತಕದಲ್ಲಿ ೧೦೦೦೪೫ ಎಂಬ ಮನೆಯ ಸಂಖ್ಯೆಯನ್ನು ಬರೆಯಹೊರಟರೆ ಎಡದ ಒಂದು ಬಿದ್ದುಹೋಗಿ ೪೫ ಉಳಿಯುತ್ತದೆ. ಅಂಚೆಯವನು ತಪ್ಪದೆ ೪೫ನೆಯ ಮನೆಗೇ ಹೋಗುತ್ತಾನೆ, ಕೇಡಿರುವುದು ಅಲ್ಲಿಯೇ. ಯಂತ್ರವೂ ದೂರುವುದಿಲ್ಲ. ಸಾಧನಕ್ಕೆಂದು ಕಳುಹಿಸಿದ ಅಪ್ಪಣೆ ಬೇರೊಬ್ಬರ ದತ್ತಾಂಶದ ಮೇಲೆ ಬೀಳುತ್ತದೆ. ಕಡತ ಕೆಟ್ಟಿರುವುದು ಎಷ್ಟೋ ಹೊತ್ತಿನ ಮೇಲೆ ತಿಳಿಯುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಪವರ್‌ಪಿಸಿ ೪೪೦ ಎಂಬ ೩೨ ಬಿಟ್ಟಿನ ಕುಟುಂಬದಲ್ಲಿ ಸಾಧನಗಳನ್ನೇ ೪ ಗಿಗಾಬೈಟಿನ ಆಚೆ ಇಟ್ಟಿದ್ದರು. ೪೪೦ಜಿಪಿಯಲ್ಲಿ ಮೊದಲನೆಯ ಸರಣಿ ಸಂವಹನ ಘಟಕವಿದ್ದುದು ೫ ಗಿಗಾಬೈಟು ದಾಟಿ ೫೧೨ ಬೈಟುಗಳ ದೂರದಲ್ಲಿ. ಇಕ್ಕಟ್ಟಾದ ಅಂಕಣದಲ್ಲಿ ಅದು ೧ ಗಿಗಾಬೈಟಿನಾಚೆಯ ೫೧೨ ಆಗಿ ಕುಗ್ಗುತ್ತದೆ. ಆದ್ದರಿಂದ ಕತ್ತರಿಸಿಹೋದ ಮೇಲ್ಬಿಟ್ಟುಗಳನ್ನು ಕೆಳಭಾಗದ ಹರವನ್ನು ನೋಡಿ ಮರಳಿ ಸೇರಿಸುವ ಒಂದು ತೇಪೆಯನ್ನು ಕರ್ನೆಲಿನಲ್ಲಿ ಹಾಕಿದ್ದರು. ಜಾಣತನವೇನೋ ಹೌದು, ಆದರೆ ಖಾತೆ ಸುಳ್ಳು ಬರೆದು ಗುಮಾಸ್ತ ಬಾಯಲ್ಲಿ ತಿದ್ದುವಂತಹದು.

ಹಾಗಾದರೆ ಎಲ್ಲೆಡೆಯೂ ೬೪ ಬಿಟ್ಟುಗಳನ್ನೇ ಕೊಡಬಾರದೇಕೆ? ೩೨ ಬಿಟ್ಟಿನ ಸಂಸ್ಕಾರಕವು ಅಂತಹ ಸಂಖ್ಯೆಯನ್ನು ಎರಡು ತುಂಡು ಮಾಡಿ ಹಿಡಿಯಬೇಕು; ಕೂಡುವಾಗ ಕೆಳಗಿನ ತುಂಡನ್ನು ಕೂಡಿ, ದಶಕ ಒಯ್ಯುವಂತೆ ಶೇಷವನ್ನು ಮೇಲಿನದಕ್ಕೆ ಒಯ್ಯಬೇಕು. ಕೆಲವೇ ಮೆಗಾಬೈಟು ಸ್ಮೃತಿಯ ಸಣ್ಣ ಯಂತ್ರಕ್ಕೆ ಇದು ದಂಡದ ವೆಚ್ಚ. ಆದುದರಿಂದ ೨೦೦೬ರಲ್ಲಿ, ೨.೬.೧೮ನೆಯ ಆವೃತ್ತಿಯಲ್ಲಿ, 'ರಿಸೋರ್ಸ್ ಸೈಜ್ ಟಿ' ಎಂಬ ಪ್ರತ್ಯೇಕ ಹೆಸರನ್ನು ತಂದರು. ಅದರ ಅಗಲವನ್ನು ಕರ್ನೆಲನ್ನು ಕಟ್ಟುವಾಗ ಆರಿಸಬಹುದಾಗಿತ್ತು. ೨೦೦೮ರಲ್ಲಿ ಅದನ್ನು ಭೌತಿಕ ವಿಳಾಸದ ಮಾದರಿಗೇ ಗಂಟುಹಾಕಿದರು. ನನ್ನ ಮಟ್ಟಿಗೆ ಅಗಲಕ್ಕಿಂತ ಈ ಹೆಸರೇ ದೊಡ್ಡ ಲಾಭ. ಸಂಖ್ಯೆ ಯಾತಕ್ಕೆಂಬುದು ಓದುವವನಿಗೆ ಒಡನೆ ತಿಳಿಯುತ್ತದೆ.

ಮಾದರಿ ಸರಿಯಿದ್ದರೂ ಲೆಕ್ಕ ಕೆಡಬಹುದು. ಒಂದು ಪುಟಕ್ಕೆ ೪೦೯೬ ಬೈಟು. ಸೊನ್ನೆಯಿಂದ ಎಣಿಸಿ ೧೦,೪೮,೫೭೬ ಎಂಬ ಸಂಖ್ಯೆಯ ಪುಟದ ವಿಳಾಸ ಬೇಕೆಂದು ೩೨ ಬಿಟ್ಟುಗಳಲ್ಲಿಯೇ ಗುಣಿಸಿದರೆ ಉತ್ತರ ಸೊನ್ನೆ! ಅನಂತರ ಅದನ್ನು ೬೪ ಬಿಟ್ಟಿನ ಅಂಕಣದಲ್ಲಿ ಬರೆದರೂ ಸೊನ್ನೆಯೇ. ಗುಣಿಸುವ ಮೊದಲೇ ಸಂಖ್ಯೆಯನ್ನು ಅಗಲಿಸಬೇಕು.

ಖಾತೆಯಲ್ಲಿ ಹರವಿನ ಉದ್ದವನ್ನು ಬರೆಯದೆ ಕೊನೆಯ ವಿಳಾಸವನ್ನು ಬರೆಯುವುದಕ್ಕೂ ಇಂತಹುದೇ ಒಂದು ಅನುಕೂಲವುಂಟು. ೩೨ ಬಿಟ್ಟುಗಳ ಪೂರ್ತಿ ಹರವಿನ ಕೊನೆಯ ವಿಳಾಸ ೩೨ ಬಿಟ್ಟುಗಳಲ್ಲಿ ಹಿಡಿಯುತ್ತದೆ. ಅದರ ಉದ್ದ ಮಾತ್ರ ಒಂದೇ ಒಂದರಿಂದ ಹೊರಗುಳಿಯುತ್ತದೆ.