ಕೇಳುಗರ ನಿಷ್ಠೆ ಯಾರ ಲೆಕ್ಕದಲ್ಲಿದೆ?

ಅಮೆರಿಕದ ಶಿಕಾಗೊ ನಗರದಲ್ಲಿ ‘ಕ್ಯೂ 101’ ಎಂಬ ಖಾಸಗಿ ಎಫ್‌ಎಂ ಬಾನುಲಿ ಕೇಂದ್ರವೊಂದಿತ್ತು. 1992ರಿಂದ ಹತ್ತೊಂಬತ್ತು ವರ್ಷ ಅದು ಆಲ್ಟರ್ನೇಟಿವ್ ರಾಕ್ ಎಂಬ ಒಂದೇ ಬಗೆಯ ಸಂಗೀತವನ್ನು ನೆಚ್ಚಿಕೊಂಡಿತ್ತು. 2011ರ ಜುಲೈನಲ್ಲಿ ಕೇಂದ್ರ ಕೈಬದಲಾಯಿತು. ಹೊಸ ಒಡೆಯರು ಹಾಡು ನಿಲ್ಲಿಸಿ ದಿನವಿಡೀ ಸುದ್ದಿ ಬಿತ್ತರಿಸತೊಡಗಿದರು. ವರ್ಷ ತುಂಬುವ ಮೊದಲೇ ಸುದ್ದಿಯೂ ನಿಂತಿತು. ಅನಂತರ ಬಂದ ಜನಪ್ರಿಯ ಹಾಡುಗಳ ಮಿಶ್ರಣವೂ ಬೇರೂರಲಿಲ್ಲ. ಕೊನೆಗೆ 2014ರ ಜನವರಿಯಲ್ಲಿ ಆಲ್ಟರ್ನೇಟಿವ್ ರಾಕ್ ತನ್ನ ಹಳೆಯ ಆವರ್ತನಕ್ಕೆ ಮರಳಿತು. ‘ಕ್ಯೂ 101’ ಎಂಬ ಹಳೆಯ ಹೆಸರು ಮರಳುವುದಕ್ಕೆ ಮಾತ್ರ 2022 ಬರಬೇಕಾಯಿತು.

ಅಷ್ಟು ದೂರದ ಊರಿನ ಹಾಡಿನ ಸಂಗತಿ ನಮಗೇಕೆ ಎಂದು ಓದುಗರು ಕೇಳಬಹುದು. ನಾನೂ ಆ ಸಂಗೀತದ ರಸಿಕನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಕಡತಗಳ ನಡುವೆ ಆಯುಷ್ಯ ಸವೆಸಿ ನಿವೃತ್ತನಾದವನು. ಆದರೆ ತರಂಗಾಂತರವೆಂಬುದು ಮಿತ ಪ್ರಮಾಣದಲ್ಲಿರುವ ಸಾರ್ವಜನಿಕ ಸ್ವತ್ತು. ಪರವಾನಗಿ ಪಡೆದು ಅದನ್ನು ಬಳಸುವವರಿಗೆ ಕೇಳುಗರ ಬಗ್ಗೆ ಹೊಣೆಯುಂಟೆ ಎಂಬ ಪ್ರಶ್ನೆಗೆ ಊರು, ಭಾಷೆ, ರಾಗಗಳ ಹಂಗಿಲ್ಲ.

ಆಲ್ಟರ್ನೇಟಿವ್ ರಾಕ್ ಹುಟ್ಟಿದ್ದೇ ಮುಖ್ಯವಾಹಿನಿಯ ಹೊರಗೆ. 1980ರ ದಶಕದಲ್ಲಿ ಅಮೆರಿಕದ ಕಾಲೇಜುಗಳ ಬಾನುಲಿ ಕೇಂದ್ರಗಳೂ ಸಣ್ಣ ಧ್ವನಿಮುದ್ರಣ ಸಂಸ್ಥೆಗಳೂ ಅದನ್ನು ಪೋಷಿಸಿದವು. 1992ರ ಜನವರಿಯಲ್ಲಿ ನಿರ್ವಾಣ ಎಂಬ ತಂಡದ ಗೀತಗುಚ್ಛ ಮೈಕೆಲ್ ಜಾಕ್ಸನ್‌ನನ್ನು ಹಿಂದಿಕ್ಕಿ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ದೊಡ್ಡ ಕಂಪನಿಗಳು ಕಣ್ಣರಳಿಸಿದವು. ಕ್ಯೂ 101 ಈ ಹಾದಿ ಹಿಡಿದದ್ದು ಅದೇ ವರ್ಷ. ಸ್ಮ್ಯಾಶಿಂಗ್ ಪಂಪ್‌ಕಿನ್ಸ್‌ನಂತಹ ಹೆಸರಾಂತ ತಂಡ ಶಿಕಾಗೊದ್ದೇ ಆಗಿದ್ದುದರಿಂದ ಕೇಳುಗರಿಗೆ ಈ ಸಂಗೀತದಲ್ಲಿ ತಮ್ಮೂರಿನ ಅಭಿಮಾನವೂ ಬೆರೆತಿತ್ತು.

ಇಂತಹ ಕೇಂದ್ರವನ್ನು ಮಾರಿದಾಗ ನಡೆದದ್ದು ಗಮನಾರ್ಹ. ಆವರ್ತನ ಒಬ್ಬರ ಪಾಲಾಯಿತು, ಹೆಸರು ಇನ್ನೊಬ್ಬರ ಪಾಲಾಯಿತು. ಹತ್ತೊಂಬತ್ತು ವರ್ಷ ಕಿವಿಗೊಟ್ಟ ಜನ ಮಾತ್ರ ಯಾರ ಆಸ್ತಿಪಟ್ಟಿಯಲ್ಲೂ ಇರಲಿಲ್ಲ. ಆದರೂ 2012ರಲ್ಲಿ ಹೊಸ ಒಡೆಯರೇ 87.7ರಲ್ಲಿ ಅದೇ ಬಗೆಯ ಸಂಗೀತವನ್ನು ಮತ್ತೆ ಆರಂಭಿಸಿದರು. ತಾಂತ್ರಿಕವಾಗಿ ಅದು ಬಾನುಲಿ ಕೇಂದ್ರವೇ ಅಲ್ಲ. ಕಡಿಮೆ ಶಕ್ತಿಯ ಟೆಲಿವಿಷನ್ ವಾಹಿನಿಯೊಂದರ ಧ್ವನಿಭಾಗ. ಎಫ್‌ಎಂ ಪಟ್ಟಿಯ ತೀರ ಅಂಚಿನಲ್ಲಿ ಅದು ರೇಡಿಯೊಗಳಿಗೆ ಸಿಗುತ್ತಿತ್ತು. ಮುಂಬಾಗಿಲಿನಿಂದ ಹೊರಹಾಕಿದ ಅಭಿರುಚಿಯನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದಂತಾಯಿತು.

ಮಾರುಕಟ್ಟೆ ಹೀಗೇಕೆ ವರ್ತಿಸುತ್ತದೆ? ಪೀಟರ್ ಸ್ಟೈನರ್ ಎಂಬ ಅರ್ಥಶಾಸ್ತ್ರಜ್ಞರು 1952ರಲ್ಲಿ ಬಾನುಲಿ ಪೈಪೋಟಿಯ ಕುರಿತು ಬರೆದ ಪ್ರಬಂಧದಲ್ಲಿ ಇದಕ್ಕೆ ಒಂದು ಉತ್ತರವಿದೆ. ಅದರ ತಿರುಳನ್ನು ಸರಳ ಲೆಕ್ಕವೊಂದರಲ್ಲಿ ಹೇಳುತ್ತೇನೆ. ಒಂದು ಊರಿನಲ್ಲಿ ನೂರು ಕೇಳುಗರಿದ್ದಾರೆನ್ನಿ. ಎಂಬತ್ತು ಮಂದಿಗೆ ಜನಪ್ರಿಯ ಹಾಡು ಬೇಕು, ಇಪ್ಪತ್ತು ಮಂದಿಗೆ ಬೇರೆಯ ಸಂಗೀತ. ಮೂರು ಕೇಂದ್ರಗಳು ಮೂವರ ಒಡೆತನದಲ್ಲಿದ್ದರೆ ಎಂಬತ್ತನ್ನೇ ಹಂಚಿಕೊಳ್ಳುವುದು ಮೂವರಿಗೂ ಲಾಭ, ಏಕೆಂದರೆ ತಲಾ ಇಪ್ಪತ್ತಾರಕ್ಕೂ ಹೆಚ್ಚು ಕೇಳುಗರು ಸಿಗುತ್ತಾರೆ. ಉಳಿದ ಇಪ್ಪತ್ತು ಮಂದಿಯನ್ನು ಕೇಳುವವರೇ ಇರುವುದಿಲ್ಲ. ಮೂರೂ ಕೇಂದ್ರಗಳು ಒಬ್ಬನ ಕೈಯಲ್ಲಿದ್ದರೆ ಆತ ತನ್ನೊಡನೆ ತಾನೇ ಸ್ಪರ್ಧಿಸುವುದಿಲ್ಲ. ಒಂದನ್ನು ಆ ಇಪ್ಪತ್ತು ಮಂದಿಗೆ ಬಿಟ್ಟುಕೊಡುತ್ತಾನೆ. ಈ ಒಂದು ವಿಷಯದಲ್ಲಿ ಏಕಸ್ವಾಮ್ಯವೇ ಪೈಪೋಟಿಗಿಂತ ಉದಾರವಾಗಬಹುದು!

ಅಮೆರಿಕ ಈ ತರ್ಕವನ್ನು ಒರೆಗೆ ಹಚ್ಚಿ ನೋಡಿದೆ. 1996ರ ದೂರಸಂಪರ್ಕ ಕಾಯ್ದೆ ಕೇಂದ್ರಗಳ ಒಡೆತನದ ರಾಷ್ಟ್ರೀಯ ಮಿತಿಯನ್ನು ತೆಗೆದುಹಾಕಿತು. ದೊಡ್ಡ ನಗರಗಳಲ್ಲಿ ಒಬ್ಬ ಒಡೆಯನಿಗೆ ಎಂಟು ಕೇಂದ್ರಗಳವರೆಗೂ ಅನುಮತಿ ನೀಡಿತು. ಇದರಿಂದ ಸಂಗೀತದ ಬಗೆಗಳು ಹೆಚ್ಚಾದುದನ್ನು ಬೆರ್ರಿ ಮತ್ತು ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು 2001ರ ಅಧ್ಯಯನದಲ್ಲಿ ತೋರಿಸಿದರು. ಅದನ್ನು ಅಲ್ಲಗಳೆಯಲಾಗದು. ಆದರೆ ವೈವಿಧ್ಯ ಒಂದು ಗುಣ, ಸ್ಥಿರತೆ ಇನ್ನೊಂದು ಗುಣ. ಕಂಪನಿಗಳು ಕೇಂದ್ರಗಳನ್ನು ಕೊಂಡದ್ದು ಬಹುಮಟ್ಟಿಗೆ ಸಾಲದ ಹಣದಲ್ಲಿ. ಅಲ್ಲಿನ ಅತಿ ದೊಡ್ಡ ಬಾನುಲಿ ಕಂಪನಿಗಳಾದ ಕ್ಯುಮುಲಸ್ 2017ರಲ್ಲಿ, ಐಹಾರ್ಟ್ 2018ರಲ್ಲಿ, ಆಡಸಿ 2024ರಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿದವು. ಬಡ್ಡಿಯ ಕಂತು ತಲೆಯ ಮೇಲೆ ತೂಗುತ್ತಿರುವಾಗ ಹತ್ತು ವರ್ಷದ ನಂಟನ್ನು ಕಾಯುವ ತಾಳ್ಮೆ ಯಾರಿಗಿರುತ್ತದೆ?

ಇನ್ನೊಂದು ಕೊರತೆ ಲೆಕ್ಕದ ಕ್ರಮದಲ್ಲೇ ಇದೆ. ಜಾಹೀರಾತುದಾರ ಎಣಿಸುವುದು ತಲೆಗಳನ್ನು. ಅಡುಗೆಮನೆಯಲ್ಲಿ ಸುಮ್ಮನೆ ರೇಡಿಯೊ ಹಚ್ಚಿಟ್ಟವರೂ ಮುಂದಿನ ಹಾಡಿಗಾಗಿ ಕಾರಿನಿಂದ ಇಳಿಯದೆ ಕುಳಿತವರೂ ಅವನಿಗೆ ಒಂದೊಂದೇ ತಲೆ. ಒಲವಿನ ತೀವ್ರತೆಗೆ ದರವಿಲ್ಲ. ಅದು ಎಷ್ಟು ಬೆಲೆಬಾಳುತ್ತದೆಂಬುದು ತಿಳಿಯುವುದು ಕಳೆದುಕೊಂಡ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದ ‘ಲೈವ್ 105’ ಕೇಂದ್ರದ ಕಥೆಯೂ ಇದೇ. ಅದು 2017ರಲ್ಲಿ ಹೆಸರನ್ನೂ 2021ರಲ್ಲಿ ಆಲ್ಟರ್ನೇಟಿವ್ ರಾಕನ್ನೂ ಬಿಟ್ಟು, 2023ರಲ್ಲಿ ಎರಡನ್ನೂ ಮರಳಿ ತಂದಿತು. ಎರಡು ನಗರಗಳಲ್ಲೂ ಮಾರುಕಟ್ಟೆ ತನ್ನನ್ನು ತಿದ್ದಿಕೊಂಡಿತು, ನಿಜ. ಆದರೆ ನಡುವಿನ ವರ್ಷಗಳ ನಷ್ಟವನ್ನು ಭರಿಸಿದವರು ಕೇಳುಗರು ಮತ್ತು ಕೆಲಸ ಕಳೆದುಕೊಂಡ ಉದ್ಘೋಷಕರು.

ಹಾಗಾದರೆ ಸರ್ಕಾರ ಮಧ್ಯೆ ಬರಬೇಕೆ? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನ್ಯೂಯಾರ್ಕಿನ ಡಬ್ಲ್ಯುಎನ್‌ಸಿಎನ್ ಶಾಸ್ತ್ರೀಯ ಸಂಗೀತದ ಕೇಂದ್ರ. 1974ರಲ್ಲಿ ಅದು ರಾಕ್ ಸಂಗೀತಕ್ಕೆ ತಿರುಗಿದಾಗ ಕೇಳುಗರು ಸಂಘ ಕಟ್ಟಿ ಹೋರಾಡಿದರು. ಮರುವರ್ಷವೇ ಶಾಸ್ತ್ರೀಯ ಸಂಗೀತ ಮರಳಿತು. ಆದರೆ ಪ್ರಸಾರದ ಬಗೆ ಬದಲಾದಾಗ ಸಾರ್ವಜನಿಕ ಹಿತವನ್ನು ಪರಿಶೀಲಿಸುವುದು ಪರವಾನಗಿ ಪ್ರಾಧಿಕಾರದ ಕರ್ತವ್ಯವೆಂಬ ಸಂಘದ ವಾದವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ಏಳಕ್ಕೆ ಎರಡರ ಬಹುಮತದಿಂದ ತಳ್ಳಿಹಾಕಿತು. ಅದನ್ನು ಮಾರುಕಟ್ಟೆಗೆ ಬಿಡಬಹುದೆಂಬ ಪ್ರಾಧಿಕಾರದ ನೀತಿ ಊರ್ಜಿತವಾಯಿತು. 1993ರಲ್ಲಿ ಆ ಕೇಂದ್ರ ಶಾಸ್ತ್ರೀಯ ಸಂಗೀತವನ್ನು ತೊರೆದು ಮತ್ತೆ ರಾಕ್ ಸಂಗೀತಕ್ಕೆ ತಿರುಗಿತು. ರಾಕ್ ಎಂದೂ ಸೋತವರ ಪಕ್ಷವೆಂದು ಭಾವಿಸಬೇಕಿಲ್ಲ. ಒಂದು ಊರಿನಲ್ಲಿ ಹೊರದೂಡಲ್ಪಟ್ಟ ಸಂಗೀತ ಇನ್ನೊಂದೆಡೆ ಹೊರದೂಡುತ್ತದೆ.

ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ತರಂಗಾಂತರ ಸಾರ್ವಜನಿಕ ಸ್ವತ್ತೆಂದು ಸ್ಪಷ್ಟವಾಗಿ ಸಾರಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ಆ ಮೊದಲ ಹಂತದಲ್ಲಿ ಪರವಾನಗಿ ಶುಲ್ಕ ವರಮಾನವೆಷ್ಟೇ ಇರಲಿ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಹರಾಜಿನಲ್ಲಿ ಗೆದ್ದ ಹಲವರು ಕೇಂದ್ರವನ್ನೇ ತೆರೆಯಲಿಲ್ಲ. ವರಮಾನದ ಶೇ 4ರಷ್ಟು ಪಾಲು ಪಡೆಯುವ ಪದ್ಧತಿ ಬಂದದ್ದು 2005ರ ನೀತಿಯಲ್ಲಿ. ಪ್ರವೇಶಕ್ಕಾಗಿ ಭಾರಿ ಮೊತ್ತ ತೆತ್ತವನು ಎಂಬತ್ತು ಮಂದಿಯ ಹಿಂದೆ ಓಡುತ್ತಾನೆಯೇ ಹೊರತು ಇಪ್ಪತ್ತು ಮಂದಿಯ ಕಡೆ ತಿರುಗುವುದಿಲ್ಲ. ಖಾಸಗಿ ಕೇಂದ್ರಗಳು ಬಹುಪಾಲು ಚಿತ್ರಗೀತೆಯನ್ನೇ ನೆಚ್ಚಿರುವುದಕ್ಕೆ ಅಭಿರುಚಿಯ ಬಡತನವನ್ನು ದೂರುವ ಮೊದಲು ಶುಲ್ಕದ ರಚನೆಯನ್ನು ನೋಡಬೇಕು.

ಯಾವ ಹಾಡು ಕೇಳಬೇಕೆಂದು ಅಧಿಕಾರಿ ನಿರ್ಧರಿಸುವ ವ್ಯವಸ್ಥೆ ನನಗೆ ಒಪ್ಪಿಗೆಯಿಲ್ಲ. ಕಡತ ನೋಡುವ ಕಣ್ಣಿಗೆ ಕಿವಿಯ ಕೆಲಸ ಒಪ್ಪಿಸಬಾರದು. ಆದರೆ ಎರಡು ಕೆಲಸಗಳನ್ನು ಸರ್ಕಾರ ಮಾಡಬಹುದು. ಬಹುಕಾಲದ ಪ್ರಸಾರದ ಬಗೆಯನ್ನು ಕೈಬಿಡುವ ಮೊದಲು ಪರವಾನಗಿದಾರ ಕೇಳುಗರಿಗೆ ಕೆಲವು ತಿಂಗಳ ಮುನ್ಸೂಚನೆ ಕೊಡಬೇಕೆಂದು ವಿಧಿಸಬಹುದು. ಲಾಭದ ಉದ್ದೇಶವಿಲ್ಲದೆ ಕೇಳುಗರೇ ನಡೆಸುವ ಕೇಂದ್ರಗಳಿಗೆ ದೊಡ್ಡ ನಗರಗಳಲ್ಲೂ ಸಾಕಷ್ಟು ಶಕ್ತಿಯ ಆವರ್ತನವನ್ನು ಮೀಸಲಿಡಬಹುದು. ಇದು ಬರಿಯ ಕನಸಲ್ಲ. ಕೇಳುಗರ ದೇಣಿಗೆಯನ್ನು ಆಧರಿಸಿದ ಸಿಯಾಟಲ್‌ನ ಕೆಇಎಕ್ಸ್‌ಪಿ 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಸ್ವಂತ ಆವರ್ತನದಿಂದ ಪ್ರಸಾರ ಆರಂಭಿಸಿತು. ಮೂರು ತಿಂಗಳ ಜಾಹೀರಾತು ಲೆಕ್ಕಕ್ಕೆ ಸಿಗದ ನಿಷ್ಠೆ, ಚಂದಾ ರಸೀದಿಯಲ್ಲಿ ಅಂಕಿಯಾಗಿ ಮೂಡಬಲ್ಲದು.